ಫ್ರೆಂಚ್ ಪರೀಕ್ಷೆಯೂ ಮನೆಯ ಮಾತೂ

ಮೂವತ್ತನಾಲ್ಕು ವರ್ಷಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ ವಿಶ್ರಾಂತನಾಗಿರುವ ಉಪಾಧ್ಯಾಯನೊಬ್ಬನು ಫ್ರೆಂಚ್ ಭಾಷೆಯ ಪರೀಕ್ಷೆಯನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕ ಮಹಾಶಯರು ನಕ್ಕರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಭಾಷೆಯಲ್ಲಿ ನನಗೆ ಪಾಂಡಿತ್ಯವಿಲ್ಲವೆಂಬುದನ್ನು ಮೊದಲಲ್ಲೇ ಒಪ್ಪಿಕೊಳ್ಳುತ್ತೇನೆ. ನನಗೆ ಬಂದಿರುವ ಅಲ್ಪಸ್ವಲ್ಪವೂ ಅರುವತ್ತು ದಾಟಿದ ಮೇಲೆ ಬಂದದ್ದು. ಆದರೆ ಪರೀಕ್ಷೆಗೆ ಓದುತ್ತಿರುವ ಮಗುವಿನ ಪಕ್ಕದಲ್ಲಿ ನಾಲ್ಕು ತಿಂಗಳು ಕುಳಿತು ನೋಡಿದವನಿಗೆ ಹೇಳತಕ್ಕ ಮಾತುಗಳು ಕೆಲವು ಇರುತ್ತವೆ. ಓದುವ ಮಕ್ಕಳಿರುವ ಗೃಹಸ್ಥರಿಗೆ ಅವು ಉಪಯೋಗಕ್ಕೆ ಬಂದಾವೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

2024ನೆಯ ಇಸವಿಯ ಜನವರಿಯಲ್ಲಿ ನಾನು ಅಮೆರಿಕಾ ದೇಶದ ನ್ಯೂ ಜರ್ಸಿ ಸಂಸ್ಥಾನಕ್ಕೆ ಹೋಗಿದ್ದೆನು. ಅಲ್ಲಿ ನನ್ನ ಅಣ್ಣನ ಮಗನು ಸಂಸಾರಸಮೇತನಾಗಿ ನೆಲೆಸಿದ್ದಾನೆ. ಅವನ ಮಗಳಿಗೆ ಆಗ ಹದಿನೇಳು ವರ್ಷ. ಶಾಲೆಯ ಕಡೆಯ ತರಗತಿ. ನಾಲ್ಕು ವರ್ಷದಿಂದ ಫ್ರೆಂಚ್ ಕಲಿಯುತ್ತಿದ್ದ ಆ ಹುಡುಗಿಯು ಮೇ ತಿಂಗಳಲ್ಲಿ ಆ ಭಾಷೆಯ ಮೇಲ್ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳತಕ್ಕವಳಾಗಿದ್ದಳು. ಆ ಪರೀಕ್ಷೆಗೆ ‘ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್’ ಎಂದು ಹೆಸರು. ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯು 1955ರಿಂದ ಈ ಬಗೆಯ ಪರೀಕ್ಷೆಗಳನ್ನು ನಾನಾ ವಿಷಯಗಳಲ್ಲಿ ನಡೆಸಿಕೊಂಡು ಬಂದಿದೆ. ಶಾಲೆಯಲ್ಲಿರುವಾಗಲೇ ಕಾಲೇಜಿನ ಮಟ್ಟದ ಪಾಠವನ್ನು ಓದಿ, ಒಂದರಿಂದ ಐದರವರೆಗಿನ ಅಂಕಗಳಲ್ಲಿ ಮೂರನ್ನೋ ಅದಕ್ಕಿಂತ ಹೆಚ್ಚನ್ನೋ ಪಡೆದರೆ, ಅನೇಕ ಕಾಲೇಜುಗಳು ಅದನ್ನು ಮನ್ನಿಸಿ ಒಂದು ಪಾಠವನ್ನು ಬಿಟ್ಟುಕೊಡುತ್ತವೆ. ಕೆಲವು ಕಾಲೇಜುಗಳು ನಾಲ್ಕು ಅಥವಾ ಐದನ್ನೇ ಕೇಳುತ್ತವೆ. ಆ ವರ್ಷ ಪರೀಕ್ಷೆಯ ಶುಲ್ಕ 98 ಡಾಲರು.

ಅವಳು ಬರೆದ ಪರೀಕ್ಷೆಯ ಸ್ವರೂಪ ಹೀಗಿತ್ತು. ಸುಮಾರು ಮೂರು ಗಂಟೆಯ ಕಾಲ. ಮೊದಲನೆಯ ಅರ್ಧದಲ್ಲಿ 65 ಪ್ರಶ್ನೆಗಳು. ಪ್ರತಿಯೊಂದಕ್ಕೂ ಕೊಟ್ಟಿರುವ ಉತ್ತರಗಳಲ್ಲಿ ಸರಿಯಾದುದನ್ನು ಆರಿಸಬೇಕು. ಅವುಗಳಲ್ಲಿ 30 ಓದಿ ಉತ್ತರಿಸತಕ್ಕವು, 35 ಬಹುಮಟ್ಟಿಗೆ ಕಿವಿಯಿಂದ ಕೇಳಿ ಉತ್ತರಿಸತಕ್ಕವು. ಎರಡನೆಯ ಅರ್ಧದಲ್ಲಿ ನಾಲ್ಕು ಕೆಲಸಗಳು: ಹದಿನೈದು ನಿಮಿಷದಲ್ಲಿ ಒಂದು ಪತ್ರಕ್ಕೆ ಉತ್ತರ, ಒಂದು ಲೇಖನ, ಒಂದು ಅಂಕಿಪಟ್ಟಿ ಅಥವಾ ನಕ್ಷೆ, ಒಂದು ಧ್ವನಿಮುದ್ರಿಕೆ ಈ ಮೂರನ್ನೂ ಆಧಾರವಾಗಿಟ್ಟುಕೊಂಡು ವಾದಪ್ರಧಾನವಾದ ಒಂದು ಪ್ರಬಂಧ, ಯಂತ್ರದೊಡನೆ ಐದು ಸರದಿಯ ಸಂಭಾಷಣೆ, ಸರದಿಯೊಂದಕ್ಕೆ ಇಪ್ಪತ್ತು ಸೆಕೆಂಡು, ಕೊನೆಯಲ್ಲಿ ಎರಡು ನಿಮಿಷದ ಭಾಷಣ. ಈ ಭಾಷಣದಲ್ಲಿ ಫ್ರೆಂಚ್ ಭಾಷೆಯನ್ನಾಡುವ ಒಂದು ಜನದ ನಡೆವಳಿಕೆಯನ್ನು ತನ್ನ ಸಮಾಜದ ನಡೆವಳಿಕೆಯೊಂದಿಗೆ ಹೋಲಿಸಿ ಹೇಳಬೇಕು. ನಾಲ್ಕು ಕೆಲಸಗಳಿಗೂ ಸಮಾನವಾದ ತೂಕ. ಎಂದರೆ, ಎರಡು ನಿಮಿಷ ಬಾಯಿಬಿಟ್ಟು ಆಡುವ ಮಾತಿಗೂ ಐವತ್ತೈದು ನಿಮಿಷದ ಪ್ರಬಂಧಕ್ಕೂ ಒಂದೇ ಬೆಲೆ.

ಫೆಬ್ರವರಿಯಲ್ಲಿ ಶಾಲೆಯವರು ಒಂದು ಮಾದರಿ ಪರೀಕ್ಷೆಯನ್ನು ನಡೆಸಿದರು. ಓದುವ ಭಾಗದಲ್ಲಿ ಹುಡುಗಿಗೆ ತೊಂದರೆಯಾಗಲಿಲ್ಲ. ಕೇಳುವ ಭಾಗದಲ್ಲಿ ಎಡವಿದಳು. ಸಂಭಾಷಣೆಯಲ್ಲಿ ಐದು ಸರದಿಗಳ ಪೈಕಿ ಮೂರರಲ್ಲಿ ಮೂಕಳಾಗಿ ಕುಳಿತಿದ್ದಳು. ಕೊನೆಯ ಭಾಷಣವು ಮುಕ್ಕಾಲು ನಿಮಿಷಕ್ಕೇ ಮುಗಿದುಹೋಯಿತು. ಮನೆಗೆ ಬಂದವಳು ಚೀಲವನ್ನು ಮೂಲೆಗೆಸೆದು, “ನಾನು ಪರೀಕ್ಷೆಗೆ ಕೂರುವುದಿಲ್ಲ” ಎಂದು ಕೊಠಡಿಯ ಬಾಗಿಲು ಹಾಕಿಕೊಂಡಳು.

ಆ ರಾತ್ರಿ ಊಟವಾದ ಮೇಲೆ ಅವಳ ತಂದೆಯು ನನ್ನೊಡನೆ, “ಚಿಕ್ಕಪ್ಪ, ಶನಿವಾರದ ಕನ್ನಡ ಪಾಠವನ್ನು ಮೇ ತಿಂಗಳವರೆಗೆ ನಿಲ್ಲಿಸಿಬಿಡೋಣ ಎಂದುಕೊಂಡಿದ್ದೇವೆ. ಎರಡು ಭಾಷೆ ತಲೆಯಲ್ಲಿ ಕಲಸಿಹೋಗುತ್ತಿವೆಯೋ ಏನೋ” ಎಂದನು. ತಾಯಿಯೂ ಹೌದೆಂದಳು. ಹುಡುಗಿಗೆ ಕನ್ನಡ ಅರ್ಥವಾಗುತ್ತಿತ್ತು; ಆದರೆ ಕನ್ನಡದಲ್ಲಿ ಕೇಳಿದುದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಹೇಳುವ ಅಭ್ಯಾಸ ಬೆಳೆದುಹೋಗಿತ್ತು. ಪಾಠವನ್ನು ಒಮ್ಮೆ ನಿಲ್ಲಿಸಿದರೆ ಮರಳಿ ಆರಂಭವಾಗಲಾರದೆಂಬುದು ಮೂವರಿಗೂ ತಿಳಿದೇ ಇತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. “ಒಂದು ತಿಂಗಳು ಅವಳನ್ನು ನನ್ನ ಕೈಗೆ ಕೊಟ್ಟು ನೋಡು, ಆಮೇಲೆ ನಿನ್ನ ಇಷ್ಟ” ಎಂದೆನು.

ನಾನು ಹಾಗೆ ಹೇಳಿದುದಕ್ಕೆ ಧೈರ್ಯವಲ್ಲ, ಪಶ್ಚಾತ್ತಾಪವೇ ಕಾರಣ. ನನ್ನ ವೃತ್ತಿಜೀವನದಲ್ಲಿ ಸಂಸ್ಕೃತದಲ್ಲಿ ಪೂರ್ಣಾಂಕ ಪಡೆದ ವಿದ್ಯಾರ್ಥಿಗಳು ಹಲವರಿದ್ದರು. ಪ್ರಶ್ನೆಯು ಸಂಸ್ಕೃತದಲ್ಲಿದ್ದರೂ ಉತ್ತರವನ್ನು ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆಯುವ ಅವಕಾಶವಿದ್ದುದರಿಂದ ಅಂಕಗಳು ಸುಲಭವಾಗಿ ಬರುತ್ತಿದ್ದವು. ನಾನೂ ಅದಕ್ಕೆ ಹೊಂದುವಂತೆ ಶಬ್ದರೂಪಗಳನ್ನೂ ಸಿದ್ಧವಾದ ಉತ್ತರಗಳನ್ನೂ ಬಾಯಿಪಾಠ ಮಾಡಿಸುತ್ತಿದ್ದೆನು. ಒಂದು ದಿನ ಬೀದಿಯಲ್ಲಿ ಎದುರಾದ ಹಳೆಯ ವಿದ್ಯಾರ್ಥಿಯೊಬ್ಬನನ್ನು, ಎಲ್ಲಿಗೆ ಹೊರಟೆಯೆಂದು ಸಂಸ್ಕೃತದಲ್ಲಿಯೇ ಪ್ರೀತಿಯಿಂದ ಕೇಳಿದೆನು. ಪೂರ್ಣಾಂಕ ಪಡೆದಿದ್ದವನು ಅವನು. ನಕ್ಕು, “ಪರೀಕ್ಷೆ ಮುಗೀತಲ್ಲ ಸಾರ್!” ಎಂದು ಹೇಳಿ ಹೋದನು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಬಾಯಿಪಾಠದ ಪ್ರಯೋಜನವನ್ನು ನಾನು ಅಲ್ಲಗಳೆಯುವುದಿಲ್ಲ. ಬಾಯಿಪಾಠವಾದದ್ದು ಬಾಯಿಮಾತಾಗದೆ ಉಳಿದರೆ ಅದು ಅರ್ಧ ವಿದ್ಯೆಯೆಂಬುದನ್ನು ಮಾತ್ರ ತಡವಾಗಿ ತಿಳಿದುಕೊಂಡೆನು. ಈ ಹುಡುಗಿಗೆ ಒದಗಿದ್ದುದೂ ಅದೇ ರೋಗ.

ಚಿಕಿತ್ಸೆಯನ್ನು ಕಿವಿಯಿಂದ ಆರಂಭಿಸಿದೆವು. ಶ್ರವಣ, ಮನನ, ನಿದಿಧ್ಯಾಸನವೆಂದು ನಮ್ಮ ಹಿರಿಯರು ಸುಮ್ಮನೆ ಕ್ರಮವಿಟ್ಟಿಲ್ಲ. ಕನ್ನಡವು ಬರೆದಂತೆ ಓದುವ ಭಾಷೆ, ಫ್ರೆಂಚ್ ಹಾಗಲ್ಲ. ಪದದ ಕೊನೆಯ ವ್ಯಂಜನವು ಬಹಳ ಕಡೆ ಬರೆವಣಿಗೆಯಲ್ಲಿದ್ದು ಉಚ್ಚಾರಣೆಯಲ್ಲಿ ಲೋಪವಾಗುತ್ತದೆ. ‘ವೆರ್’ ಎಂಬ ಒಂದೇ ಧ್ವನಿಗೆ ‘ಕಡೆಗೆ’, ‘ಹಸುರು’, ‘ಗಾಜು’, ‘ಹುಳು’ ಎಂಬ ನಾಲ್ಕು ಅರ್ಥಗಳು. ಬರೆಯುವಾಗ ನಾಲ್ಕಕ್ಕೂ ಬೇರೆ ಬೇರೆ ಅಕ್ಷರಗಳು. ಲೋಪವಾದ ವ್ಯಂಜನವೇ ಮುಂದೆ ಸ್ವರ ಬಂದಾಗ ಕೆಲವೆಡೆ ಪುನಃ ಜೀವ ತಾಳುವುದುಂಟು. ‘ಲೆ’ ಎಂಬುದರ ಮುಂದೆ ಸ್ನೇಹಿತರೆಂಬ ಅರ್ಥದ ‘ಅಮಿ’ ಬಂದರೆ ‘ಲೆಜ಼ಮಿ’ ಎಂದಾಗುತ್ತದೆ. ಇದನ್ನು ಕೇಳಿ ಹುಡುಗಿಯು ‘ಲೆಜ಼ಮಿ’ ಎಂಬ ಹೊಸ ಶಬ್ದವೊಂದಿದೆಯೆಂದು ಭ್ರಮಿಸುತ್ತಿದ್ದಳು. “ಮನೆ ಮತ್ತು ಅನ್ನು ಸೇರಿದರೆ ಏನಾಗುತ್ತದೆ?” ಎಂದು ಕೇಳಿದೆನು. “ಮನೆಯನ್ನು” ಎಂದಳು. “ಆ ಯಕಾರ ಎಲ್ಲಿಂದ ಬಂತು?” ಎಂದರೆ ಅವಳಿಗೆ ತಿಳಿಯದು, ಆದರೂ ತಪ್ಪದೆ ಹೇಳಿದ್ದಳು. ಸಂಧಿಯೆಂಬುದು ವ್ಯಾಕರಣದ ಹಿಂಸೆಯಲ್ಲ, ನಾಲಗೆಯು ತನ್ನ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು ಎಂಬುದು ಅಂದು ಅವಳಿಗೆ ಮನದಟ್ಟಾಯಿತು.

ರೇಡಿಯೋ ಫ್ರಾನ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಯು ಕಲಿಯುವವರಿಗಾಗಿ ಸರಳವಾದ ಫ್ರೆಂಚಿನಲ್ಲಿ ಹತ್ತು ನಿಮಿಷದ ವಾರ್ತೆಯನ್ನು ಪ್ರಸಾರಮಾಡುತ್ತದೆ. ಅದನ್ನು ದಿನವೂ ಮೂರು ಬಾರಿ ಕೇಳುವ ನಿಯಮವಾಯಿತು. ಮೊದಲನೆಯ ಬಾರಿ ಏನನ್ನೂ ಬರೆಯಕೂಡದು. ವಿಷಯವೇನೆಂಬುದನ್ನು ಮಾತ್ರ ಹಿಡಿಯಬೇಕು. ಎರಡನೆಯ ಬಾರಿ ಯಾರು, ಎಲ್ಲಿ, ಎಷ್ಟು ಎಂಬುದನ್ನು ಗುರುತುಹಾಕಬೇಕು. ಪರೀಕ್ಷೆಯಲ್ಲಿ ಧ್ವನಿಮುದ್ರಿಕೆಯನ್ನು ಎರಡೇ ಬಾರಿ ಕೇಳಿಸುವುದರಿಂದ ಈ ಎರಡು ಹಂತ. ಮೂರನೆಯ ಬಾರಿ ವಾಕ್ಯವಾಕ್ಯವಾಗಿ ನಿಲ್ಲಿಸಿ ತಾನೂ ಹಾಗೆಯೇ ಉಚ್ಚರಿಸಬೇಕು. ನಾನೂ ಜೊತೆಯಲ್ಲಿ ಉಚ್ಚರಿಸುತ್ತಿದ್ದೆನು. ತುಟಿಯನ್ನು ಉಕಾರಕ್ಕೆ ಸುತ್ತಿಟ್ಟು ಇಕಾರವನ್ನು ಹೇಳಬೇಕಾದ ಒಂದು ಸ್ವರ ಆ ಭಾಷೆಯಲ್ಲುಂಟು. ಅದರೊಡನೆ ನಾನು ಪಡುತ್ತಿದ್ದ ಪಾಡನ್ನು ನೋಡಿ ಹುಡುಗಿಗೆ ನಗು ತಡೆಯದಾಯಿತು. ಅವಳ ಭಯ ಅರ್ಧ ಇಳಿದದ್ದು ಆ ನಗುವಿನಲ್ಲೇ.

ವ್ಯಾಕರಣದಲ್ಲಿ ಮಾತ್ರ ನನ್ನ ಸಂಸ್ಕೃತವು ನೇರವಾಗಿ ನೆರವಾಯಿತು. ಫ್ರೆಂಚಿನಲ್ಲಿ ಪ್ರತಿಯೊಂದು ನಾಮಪದವೂ ಪುಲ್ಲಿಂಗ ಅಥವಾ ಸ್ತ್ರೀಲಿಂಗ. ಕೈ ಸ್ತ್ರೀಲಿಂಗ, ಪಾದ ಪುಲ್ಲಿಂಗ. ಕಾವಲುಗಾರನು ಮೀಸೆ ಹೊತ್ತ ಗಂಡಸಾದರೂ ಅವನನ್ನು ಹೇಳುವ ‘ಸಾಂತಿನೆಲ್’ ಎಂಬ ಶಬ್ದ ಸ್ತ್ರೀಲಿಂಗ. “ಇದಕ್ಕೆ ಅರ್ಥವೇ ಇಲ್ಲ, ತಾತ” ಎಂದು ಹುಡುಗಿ ಗೊಣಗಿದಳು. ಸಂಸ್ಕೃತದಲ್ಲಿ ಹೆಂಡತಿಯನ್ನು ಹೇಳುವ ‘ಪತ್ನೀ’ ಸ್ತ್ರೀಲಿಂಗ, ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕಲಿಂಗ ಎಂದು ತಿಳಿಸಿದಾಗ ಅವಳು, ಫ್ರೆಂಚರು ಎಷ್ಟೋ ವಾಸಿಯೆಂದಳು. ಲಿಂಗವು ವಸ್ತುವಿಗೆ ಸೇರಿದ್ದಲ್ಲ, ಶಬ್ದಕ್ಕೆ ಸೇರಿದ್ದು; ಆದಕಾರಣ ಶಬ್ದವನ್ನು ಕಲಿಯುವಾಗಲೇ ಅದರ ಮುಂದಿನ ‘ಲ’ ಅಥವಾ ‘ಲಾ’ವನ್ನೂ ಸೇರಿಸಿ ಒಂದೇ ಉಸಿರಿನಲ್ಲಿ ಕಲಿಯಬೇಕು. ಸಂಬಂಧವಿರುವಲ್ಲಿ ನೆನಪೂ ಸುಲಭ. ಫ್ರೆಂಚಿನ ‘ಸೆತ್’ ನಮ್ಮ ಸಪ್ತ, ‘ದಾಂ’ ನಮ್ಮ ದಂತ. ‘ನೆಫ್’ ಎಂಬ ಶಬ್ದಕ್ಕೆ ಒಂಬತ್ತು ಎಂದೂ ಅರ್ಥ, ಹೊಸದು ಎಂದೂ ಅರ್ಥ. ಸಂಸ್ಕೃತದ ‘ನವ’ಕ್ಕೂ ಅವೇ ಎರಡು ಅರ್ಥಗಳು.

ಕಾಲಗಳ ವಿಷಯದಲ್ಲಿ ಮಾತ್ರ ಸಂಸ್ಕೃತಕ್ಕಿಂತ ಕನ್ನಡವೇ ಹೆಚ್ಚು ಉಪಕಾರಿಯಾಯಿತು. ಫ್ರೆಂಚಿನಲ್ಲಿ ನಡೆಯುತ್ತಲಿದ್ದ ಭೂತಕಾಲಕ್ಕೆ ಒಂದು ರೂಪ, ನಡೆದು ಮುಗಿದ ಭೂತಕಾಲಕ್ಕೆ ಇನ್ನೊಂದು. ಇವೆರಡನ್ನು ಇಂಗ್ಲಿಷಿನ ಮೂಲಕ ಬಿಡಿಸಿಕೊಳ್ಳಲು ಹೋಗಿ ಹುಡುಗಿ ನಾಲ್ಕು ವರ್ಷ ತೊಡಕಿಕೊಂಡಿದ್ದಳು. “ನಾನು ಓದುತ್ತಿದ್ದೆ, ಗಂಟೆ ಹೊಡೆಯಿತು” ಎಂಬ ಒಂದು ಕನ್ನಡ ವಾಕ್ಯವನ್ನು ಅವಳ ಮುಂದಿಟ್ಟೆನು. ‘ಓದುತ್ತಿದ್ದೆ’ ಮೊದಲನೆಯದು, ‘ಹೊಡೆಯಿತು’ ಎರಡನೆಯದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ನನಗೆ ಮೊದಲೇ ಬರುತ್ತಿತ್ತು!” ಎಂದಳು. ಆ ವಾರ ಶನಿವಾರದ ಕನ್ನಡ ಪಾಠಕ್ಕೆ ಅವಳನ್ನು ಯಾರೂ ಹೊರಡಿಸಬೇಕಾಗಲಿಲ್ಲ.

ಪತ್ರಲೇಖನದಲ್ಲಿಯೂ ಹೀಗೆಯೇ. ಬರುವ ಪತ್ರವು ಸಾಮಾನ್ಯವಾಗಿ ಒಂದು ಸಂಸ್ಥೆಯವರದು. ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು, ನಾವೂ ಒಂದು ವಿವರವನ್ನು ಕೇಳಿ, ಆರಂಭದಲ್ಲಿ ಸಂಬೋಧನೆಯನ್ನೂ ಅಂತ್ಯದಲ್ಲಿ ವಂದನೆಯನ್ನೂ ಮರ್ಯಾದೆಯಿಂದ ಬರೆಯಬೇಕು. ಆ ಭಾಷೆಯಲ್ಲಿ ‘ತ್ಯೂ’ ಎಂದರೆ ನೀನು, ‘ವೂ’ ಎಂದರೆ ನೀವು. ಪತ್ರದ ನಡುವೆ ‘ವೂ’ ಹೋಗಿ ‘ತ್ಯೂ’ ಬಂದರೆ ಎಂಥ ಒಳ್ಳೆಯ ಪತ್ರವೂ ಕೆಡುತ್ತದೆ. ಇಂಗ್ಲಿಷ್ ಮಾತ್ರ ಬಲ್ಲ ಸಹಪಾಠಿಗಳಿಗೆ ಇದು ಹೊಸ ಕಟ್ಟುಪಾಡು. ನಮ್ಮ ಹುಡುಗಿಯಾದರೋ, ನನ್ನನ್ನು ಸಲಿಗೆಯಿಂದ ನೀನೆಂದೂ ಮನೆಗೆ ಬಂದ ಹಿರಿಯರನ್ನು ನೀವೆಂದೂ ಕರೆಯುತ್ತಿದ್ದವಳು. “ಪತ್ರ ಬರೆದವರು ನಮ್ಮ ಮನೆಗೆ ಬಂದಿದ್ದಾರೆಂದು ತಿಳಿದುಕೊ” ಎಂದೆನು. ಆಮೇಲೆ ಅವಳು ಒಮ್ಮೆಯೂ ತಪ್ಪಲಿಲ್ಲ. ಫ್ರೆಂಚ್ ಪತ್ರಗಳ ಕೊನೆಯಲ್ಲಿ ಬರುವ ಉದ್ದವಾದ ವಂದನಾವಾಕ್ಯವನ್ನು ನೋಡಿ ನಕ್ಕವಳಿಗೆ, ನಮ್ಮ ಹಳೆಯ ಪತ್ರಗಳ ‘ತೀರ್ಥರೂಪರವರಿಗೆ’ ಮತ್ತು ‘ಉಭಯ ಕುಶಲೋಪರಿ ಸಾಂಪ್ರತ’ವನ್ನು ತೋರಿಸಿಕೊಟ್ಟೆನು.

ಸಂಭಾಷಣೆಯೇ ಎಲ್ಲಕ್ಕಿಂತ ಕಠಿನವೆಂದು ಅವಳ ದೂರು. ಇಪ್ಪತ್ತು ಸೆಕೆಂಡು ತುಂಬಾ ಕಡಮೆಯೆಂದು ಎಣಿಸಿದ್ದೆನು. ಪರೀಕ್ಷಿಸಿ ನೋಡಿದರೆ, ಮೌನವಾಗಿರುವವನಿಗೆ ಅದು ಒಂದು ಯುಗ. ಮೊದಲು ಕನ್ನಡದಲ್ಲಿಯೇ ಕೇಳಿದೆನು: “ನಿನ್ನೆ ಶಾಲೆಯಲ್ಲಿ ಏನಾಯಿತು? ಇಪ್ಪತ್ತು ಸೆಕೆಂಡು ಹೇಳು.” ಆರು ಸೆಕೆಂಡಿಗೆ ಮಾತು ನಿಂತಿತು. ಇಂಗ್ಲಿಷಿನಲ್ಲಿ ಕೇಳಿದರೆ ಎಂಟಕ್ಕೆ ನಿಂತಿತು. ಆಗ ತಿಳಿದದ್ದೇನೆಂದರೆ, ಕೊರತೆಯು ಫ್ರೆಂಚಿನದಲ್ಲ. ಕೇಳಿದವರಿಗೆ ಒಂದು ಪೂರ್ಣವಾದ ಉತ್ತರವನ್ನು ಕೊಡುವ ಅಭ್ಯಾಸವೇ ತಪ್ಪಿಹೋಗಿದೆ. ಆದುದರಿಂದ ಅಡಿಗೆಮನೆಯಲ್ಲಿ ಒಂದು ಆಟವನ್ನು ಹೂಡಿದೆವು. ಕುಕ್ಕರು ಕೂಗುವುದರೊಳಗೆ ಐದು ಪ್ರಶ್ನೆ. ಪ್ರತಿಯೊಂದಕ್ಕೂ ಒಂದು ಉತ್ತರ, ಒಂದು ಕಾರಣ, ಒಂದು ಉದಾಹರಣೆ. ಒಂದು ಸುತ್ತು ಕನ್ನಡದಲ್ಲಿ, ಒಂದು ಸುತ್ತು ಫ್ರೆಂಚಿನಲ್ಲಿ. ತಪ್ಪಿದರೆ ತಾನೇ ತಿದ್ದಿಕೊಂಡು ಮುಂದುವರಿಯಬೇಕು, ನಿಲ್ಲಕೂಡದು. ಮಾತನಾಡುತ್ತ ತನ್ನ ತಪ್ಪನ್ನು ತಾನೇ ತಿದ್ದಿಕೊಂಡು ಅರ್ಥವನ್ನು ಸ್ಪಷ್ಟಪಡಿಸುವುದನ್ನು ಆ ಪರೀಕ್ಷಕರು ಗುಣವೆಂದೇ ಎಣಿಸುತ್ತಾರೆ. ಜೀವನವೆಲ್ಲ ಕೆಂಪು ಶಾಯಿಯನ್ನು ಹಿಡಿದಿದ್ದ ನನಗೆ ಇದು ದೊಡ್ಡ ಪಾಠವಾಯಿತು.

ಇನ್ನುಳಿದದ್ದು ಎರಡು ನಿಮಿಷದ ಭಾಷಣ. ಮಾದರಿ ಪರೀಕ್ಷೆಯಲ್ಲಿ ಬಂದಿದ್ದ ವಿಷಯ ಅತಿಥಿಸತ್ಕಾರ. ಹುಡುಗಿಯು ಪಶ್ಚಿಮ ಆಫ್ರಿಕಾದ ಸೆನೆಗಾಲ್ ದೇಶವನ್ನು ಆರಿಸಿಕೊಂಡಿದ್ದಳು. 1960ರವರೆಗೆ ಫ್ರಾನ್ಸಿನ ವಶದಲ್ಲಿದ್ದ ಆ ದೇಶದಲ್ಲಿ ಫ್ರೆಂಚ್ ಆಡಳಿತಭಾಷೆಯಾಗಿ ಬೆಳೆದು ಬಂದಿದೆ. ಮನೆಮಾತುಗಳಲ್ಲಿ ವೊಲೋಫ್ ಪ್ರಧಾನವಾದುದು. ಅತಿಥಿಯನ್ನು ಆದರಿಸುವ ಗುಣಕ್ಕೆ ವೊಲೋಫಿನಲ್ಲಿ ‘ತೆರಾಂಗಾ’ ಎಂದು ಹೆಸರು. ಅಲ್ಲಿಯ ‘ಚೇಬು ಜೆನ್’ ಎಂಬ ಮೀನು ಮತ್ತು ಅನ್ನದ ಅಡಿಗೆಯು 2021ರಲ್ಲಿ ಯುನೆಸ್ಕೋ ಸಂಸ್ಥೆಯ ಪಟ್ಟಿಗೆ ಸೇರಿತು. ಮನೆಯವರೂ ಬಂದವರೂ ಒಂದೇ ದೊಡ್ಡ ತಟ್ಟೆಯ ಸುತ್ತ ಕುಳಿತು ಅದನ್ನು ಉಣ್ಣುವುದು ಪದ್ಧತಿ. ಇಷ್ಟನ್ನೂ ಅವಳು ಸೊಗಸಾಗಿ ಹೇಳಿದ್ದಳು. ಅನಂತರ, “ನನ್ನ ಸಮಾಜದಲ್ಲಿಯೂ ಜನರು ಅತಿಥಿಗಳನ್ನು ಪ್ರೀತಿಸುತ್ತಾರೆ” ಎಂಬ ಒಂದು ವಾಕ್ಯ. ಮಾತು ಅಲ್ಲಿಗೆ ನಿಂತಿತ್ತು. ಸೆನೆಗಾಲಿನ ಮನೆಯ ತಟ್ಟೆಯನ್ನು ಬಲ್ಲ ಮಗುವಿಗೆ ತನ್ನ ಮನೆಯ ಎಲೆಯ ವಿಷಯ ತಿಳಿದಿರಲಿಲ್ಲ.

“ಹಿಂದೆ ನಮ್ಮೂರಿನಲ್ಲಿ ಬಿಸಿಲಿನಲ್ಲಿ ಬಂದವರಿಗೆ ಮೊದಲು ಏನು ಕೊಡುತ್ತಿದ್ದರು ಗೊತ್ತೆ?” ಎಂದು ಕೇಳಿದೆನು. ತಿಳಿಯದು. ಬೆಲ್ಲ, ಒಂದು ಚೊಂಬು ನೀರು; ಯಾರು, ಏಕೆ ಬಂದಿರಿ ಎಂಬ ಪ್ರಶ್ನೆ ಆಮೇಲೆ. ಬೆಲ್ಲಕ್ಕೆ ಫ್ರೆಂಚಿನಲ್ಲಿ ಏನೆನ್ನುವುದೆಂದು ನಿಘಂಟಿಗೆ ಕೈಹಾಕಿದವಳನ್ನು ತಡೆದು, “ನಿಘಂಟು ಪರೀಕ್ಷೆಗೆ ಬರುವುದಿಲ್ಲ, ಬಿಡಿಸಿ ಹೇಳು” ಎಂದೆನು. ಕಬ್ಬಿನ ರಸವನ್ನು ಕುದಿಸಿ ಗಟ್ಟಿಮಾಡಿದ ಕಂದುಬಣ್ಣದ ಸಕ್ಕರೆಯೆಂದು ಹೇಳಿದಳು, ಸಾಕಾಯಿತು. ಬಳಿಕ ಎಲೆಯ ಮಾತು ಬಂತು. ಅಲ್ಲಿ ಒಂದೇ ತಟ್ಟೆಯಲ್ಲಿ ಉಣ್ಣುವುದು ಸ್ನೇಹ. ನಮ್ಮಲ್ಲಿ ಅತಿಥಿಗೆ ಪ್ರತ್ಯೇಕವಾದ ಎಲೆ ಹಾಕಿ, ಬಡಿಸುವವರು ನಿಂತು ವಿಚಾರಿಸಿ ಬಡಿಸುವುದು ಗೌರವ. ಏಕೆ? ಎಂಜಲು. ಈ ಶಬ್ದವನ್ನು ಅವಳು ಎಷ್ಟೋ ಬಾರಿ ತಾಯಿಯ ಬಾಯಲ್ಲಿ ಗದರಿಕೆಯಾಗಿ ಕೇಳಿದ್ದಳು. ಅದರ ಹಿಂದೆ ಒಂದು ಭಾವನೆಯಿದೆಯೆಂದು ತಿಳಿದಿರಲಿಲ್ಲ. ಎಂಜಲನ್ನು ಫ್ರೆಂಚಿನಲ್ಲಿ ವಿವರಿಸಲು ನಾಲ್ಕು ವಾಕ್ಯ ಬೇಕಾಯಿತು. ಆ ನಾಲ್ಕು ವಾಕ್ಯಗಳಿಗಾಗಿ ನನ್ನನ್ನೂ ತಾಯಿಯನ್ನೂ ಅವಳು ಒಂದು ಸಂಜೆಯೆಲ್ಲ ಕನ್ನಡದಲ್ಲಿ ಪ್ರಶ್ನಿಸಿದಳು. ಎರಡನ್ನು ಬೇರೆ ಬೇರೆಯಾಗಿ ವರ್ಣಿಸಿದರೆ ಪರೀಕ್ಷಕರಿಗೆ ತೃಪ್ತಿಯಿಲ್ಲ. ಎಲ್ಲಿ ಸಾಮ್ಯ, ಎಲ್ಲಿ ಭೇದ ಎಂಬುದನ್ನು ಹೇಳಬೇಕು. ತನ್ನದನ್ನು ತಿಳಿಯದವನು ಪರರದ್ದನ್ನು ಯಾವುದರೊಂದಿಗೆ ಹೋಲಿಸಿಯಾನು?

ಅಂದಿನಿಂದ ವಾರಕ್ಕೆರಡು ವಿಷಯಗಳಂತೆ ಮನೆಯ ಊಟ, ಹಬ್ಬ, ಮುದುಕರ ಆರೈಕೆ, ಮಾತಿನ ಪ್ರಾಂತಭೇದ ಎಲ್ಲವನ್ನೂ ತೆಗೆದುಕೊಂಡೆವು. ಫ್ರಾನ್ಸಿನಲ್ಲಿ ಮಧ್ಯಾಹ್ನದ ಊಟಕ್ಕೆ ಹೇಳುವ ಶಬ್ದವು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಬೆಳಗಿನ ಉಪಾಹಾರಕ್ಕೆ ಸಲ್ಲುತ್ತದೆ. ಫ್ರಾನ್ಸಿನವರು ತೊಂಬತ್ತೊಂಬತ್ತನ್ನು ನಾಲ್ಕು ಇಪ್ಪತ್ತು ಹತ್ತೊಂಬತ್ತು ಎಂದು ಎಣಿಸಿದರೆ, ಬೆಲ್ಜಿಯಮಿನವರಿಗೆ ತೊಂಬತ್ತಕ್ಕೆ ಬೇರೆಯೇ ಶಬ್ದವುಂಟು. ಮೈಸೂರಿನ ತಿಂಡಿ ಧಾರವಾಡದಲ್ಲಿ ನಾಷ್ಟಾ ಆಗುವುದನ್ನು ಬಲ್ಲವರಿಗೆ ಇದರಲ್ಲಿ ಸೋಜಿಗವಿಲ್ಲ. ಪ್ರಬಂಧದ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಕೊಟ್ಟ ಮೂರು ಆಧಾರಗಳನ್ನೂ ಹೆಸರಿಸಿ ಬಳಸಿಕೊಂಡು, ತನ್ನ ಪಕ್ಷವನ್ನು ಮೊದಲೇ ಹೇಳಿ, ಎದುರುಪಕ್ಷಕ್ಕೂ ಒಂದು ವಾಕ್ಯವನ್ನು ಕೊಟ್ಟು ಮುಗಿಸಬೇಕು. ನಮ್ಮ ಶಾಸ್ತ್ರಗ್ರಂಥಗಳ ಪೂರ್ವಪಕ್ಷ ಮತ್ತು ಸಿದ್ಧಾಂತದ ಕ್ರಮವೇ ಅದು.

ಮೇ ತಿಂಗಳಲ್ಲಿ ಪರೀಕ್ಷೆಯಾಯಿತು. ಜುಲೈಯಲ್ಲಿ ಫಲಿತಾಂಶ ಬಂತು. ನಾನು ಆಗಲೇ ಊರಿಗೆ ಹಿಂದಿರುಗಿದ್ದೆನು. ಐದಕ್ಕೆ ನಾಲ್ಕು. ದೂರವಾಣಿಯಲ್ಲಿ ಸುದ್ದಿ ತಿಳಿಸಿದವಳು, “ತಾತ, ಸಂಭಾಷಣೆಯಲ್ಲಿ ಒಂದು ಸರದಿಗೂ ನಾನು ಸುಮ್ಮನಿರಲಿಲ್ಲ” ಎಂದಳು. ಕನ್ನಡದಲ್ಲಿಯೇ ಹೇಳಿದಳು. ನಡುವೆ ಎರಡು ಕಡೆ ತಪ್ಪಿತು. ಎರಡನ್ನೂ ತಾನೇ ತಿದ್ದಿಕೊಂಡು ಮುಂದುವರಿದಳು. ನಾನು ಬಾಯಿಹಾಕಲಿಲ್ಲ.

ನಮ್ಮ ನಾಡಿನಲ್ಲಿಯೂ ಪದವಿಪೂರ್ವ ತರಗತಿಗಳಲ್ಲಿ ಫ್ರೆಂಚನ್ನು ಆರಿಸಿಕೊಳ್ಳುವ ಅವಕಾಶವುಂಟು. ಅಂಕಗಳ ಆಸೆಯಿಂದ ಅದನ್ನು ತೆಗೆದುಕೊಳ್ಳುವ ಮಕ್ಕಳೂ ಇದ್ದಾರೆ, ಸಂಸ್ಕೃತವನ್ನು ತೆಗೆದುಕೊಳ್ಳುತ್ತಿದ್ದಂತೆಯೇ. ಭಾಷೆಯು ಕೈಗೆ ಹತ್ತಿತೋ ಇಲ್ಲವೋ ಎಂದು ನೋಡಬೇಕೆನ್ನುವವರಿಗೆ ಫ್ರಾನ್ಸಿನ ಶಿಕ್ಷಣಖಾತೆಯ ‘ಡೆಲ್ಫ್’ ಎಂಬ ಪರೀಕ್ಷೆಯಿದೆ. ಅದರಲ್ಲಿ ಕೇಳುವುದು, ಓದುವುದು, ಬರೆಯುವುದು, ಆಡುವುದು ಈ ನಾಲ್ಕಕ್ಕೂ ಇಪ್ಪತ್ತೈದರಂತೆ ಅಂಕಗಳು. ಒಟ್ಟು ಐವತ್ತು ಬಂದರೂ, ಒಂದು ಭಾಗದಲ್ಲಿ ಐದಕ್ಕಿಂತ ಕಡಮೆಯಾದರೆ ತೇರ್ಗಡೆಯಿಲ್ಲ. ಬೆಂಗಳೂರಿನ ಆಲಿಯಾನ್ಸ್ ಫ್ರಾಂಸೇಸ್ ಸಂಸ್ಥೆಯು ಈ ಭಾಷೆಯನ್ನು ಕಲಿಸುತ್ತದೆ. ಯಾವ ಪರೀಕ್ಷೆಯಾದರೂ ಆಗಲಿ, ತಾಯಿತಂದೆಗಳಿಗೆ ನನ್ನ ವಿಜ್ಞಾಪನೆ ಇಷ್ಟೆ. ಮಗುವು ಹೊಸ ಭಾಷೆಯನ್ನು ಕಲಿಯುತ್ತಿರುವಾಗ ಮನೆಯ ಭಾಷೆಯನ್ನು ಅಡ್ಡಿಯೆಂದು ತಿಳಿದು ಬದಿಗೆ ಸರಿಸಬೇಡಿರಿ. ನಿಮಗೆ ಆ ಹೊಸ ಭಾಷೆ ಬಾರದಿದ್ದರೂ ಚಿಂತೆಯಿಲ್ಲ. ಅಡಿಗೆಮನೆಯಲ್ಲಿ ನಿಂತು ದಿನಕ್ಕೆ ಐದು ಪ್ರಶ್ನೆಗಳನ್ನು ನಿಮ್ಮ ಮಾತಿನಲ್ಲಿಯೇ ಕೇಳಿರಿ. ಉತ್ತರ ಪೂರ್ಣವಾಗುವವರೆಗೆ ಕಾದು ಕೇಳಿರಿ. ಉಳಿದದ್ದನ್ನು ಉಪಾಧ್ಯಾಯರು ನೋಡಿಕೊಂಡಾರು.